ಮೂರು ಸೆಂಟಿಮೀಟರ್ ಎತ್ತರದ ಕಣ್ಣು

ಕಟ್ಟಡದ ನನ್ನ ಮೊದಲ ಪುಟ್ಟ ಮಾದರಿ ಮುಗಿಸಿದ ದಿನ ತೆಗೆದ ಫೋಟೋ ಈಗಲೂ ನನ್ನ ಹತ್ತಿರ ಇದೆ. ಉದ್ದನೆಯ ಕಾರಿಡಾರ್, ಎಡಗಡೆ ಸಾಲಾಗಿ ಕಿರಿದಾದ ಕಿಟಕಿಗಳು, ಕೊನೆಯಲ್ಲಿ ಮೇಲಕ್ಕೆ ಹೋಗುವ ಮೆಟ್ಟಿಲು. ಎಲ್ಲೂ ಇಲ್ಲದ ಕಟ್ಟಡ. ಎರಡು ತಿಂಗಳು ಕೂತು ರಟ್ಟು, ಫೋಮ್ ಬೋರ್ಡ್ ಕತ್ತರಿಸಿ ಅಂಟಿಸಿದ್ದೆ. ಫೋಟೋದಲ್ಲಿ ಮಾತ್ರ ಅದು ಮೇಜಿನ ಮೇಲಿಟ್ಟ ರಟ್ಟಿನ ಡಬ್ಬಿ ಥರ ಕಾಣುತ್ತಿತ್ತು. ತುಂಬ ಬೇಸರವಾಯಿತು.

ನಾನು ನಿಂತುಕೊಂಡು ಮೇಲಿಂದ ತೆಗೆದಿದ್ದೆ. ಮಾದರಿ 1:50 ಅಳತೆಯದು, ಅಂದರೆ ನಿಜ ಗಾತ್ರದ ಐವತ್ತನೇ ಒಂದು ಭಾಗ. ಆ ಲೆಕ್ಕದಲ್ಲಿ ಒಳಗೆ ನಿಂತವರ ಕಣ್ಣು ನೆಲದಿಂದ ಬರೀ ಮೂರು ಸೆಂಟಿಮೀಟರ್ ಮೇಲಿರುತ್ತದೆ. ಲೆನ್ಸಿನ ನಡುಭಾಗ ಅಲ್ಲಿಗೆ ಇಳಿಯಬೇಕು. ಆದರೆ ಕ್ಯಾಮೆರಾವನ್ನು ನೆಲದ ಮೇಲಿಟ್ಟರೂ ಲೆನ್ಸ್ ಅದಕ್ಕಿಂತ ಮೇಲೇ ಉಳಿಯಿತು. ಕೊನೆಗೆ ಮುಂದಿನ ಗೋಡೆ ತೆಗೆದುಹಾಕಿದೆ. ಮಾದರಿಯ ನೆಲವನ್ನು ಮೇಜಿನ ಅಂಚಿಗೆ ತಂದು, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಮೇಜಿನ ಹೊರಗೆ ಕೆಳಗಿಳಿಸಿದೆ. ಕಾರಿಡಾರ್ ತಟ್ಟನೆ ಎತ್ತರವಾಯಿತು!

ಆದರೂ ಬಿಸಿಲು ಸುಳ್ಳು ಅನ್ನಿಸುತ್ತಿತ್ತು. ಟೇಬಲ್ ಲ್ಯಾಂಪನ್ನು ಕಿಟಕಿಗಳ ಹತ್ತಿರ ಇಟ್ಟಿದ್ದೆ. ಹತ್ತಿರದ ದೀಪದ ನೆರಳುಗಳು ಬೀಸಣಿಗೆ ಥರ ಹರಡುತ್ತವೆ. ಸೂರ್ಯ ಬಹಳ ದೂರ ಇರುವುದರಿಂದ ಬಿಸಿಲಿನ ಪಟ್ಟಿಗಳು ಒಂದಕ್ಕೊಂದು ಸಮಾನಾಂತರವಾಗಿ ಬೀಳುತ್ತವೆ. ಇನ್ನೊಂದು ವಿಷಯ, ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ಎರಡು ಮೀಟರ್ ದೂರದ ದೀಪ ಅಷ್ಟೇ ಅಗಲ ಕಾಣಬೇಕಾದರೆ ಅದು ಎರಡು ಸೆಂಟಿಮೀಟರ್‌ಗಿಂತ ದೊಡ್ಡದಿರಬಾರದು. ದೊಡ್ಡ ದೀಪ ಬಿಟ್ಟು ಪುಟ್ಟ ಎಲ್‌ಇಡಿ ಟಾರ್ಚ್ ತಂದು ದೂರ ನಿಲ್ಲಿಸಿದೆ. ದೂರ ಇಟ್ಟಿದ್ದಕ್ಕೆ ಇನ್ನೊಂದು ಲಾಭ ಸಿಕ್ಕಿತು. ದೀಪ ಕಿಟಕಿಯಿಂದ ಅರ್ಧ ಮೀಟರಿನಲ್ಲಿದ್ದಾಗ, ಕಿಟಕಿಯಿಂದ ಅರವತ್ತು ಸೆಂಟಿಮೀಟರ್ ಒಳಗಿನ ಮೂಲೆಗೆ, ಕಿಟಕಿಯ ಮೇಲೆ ಬೀಳುವ ಬೆಳಕಿನ ಸುಮಾರು ಐದನೇ ಒಂದು ಭಾಗ ಮಾತ್ರ ತಲುಪುತ್ತಿತ್ತು. ಎರಡು ಮೀಟರಿನಿಂದ ಅರ್ಧಕ್ಕಿಂತ ಜಾಸ್ತಿ ತಲುಪಿತು. ನಿಜವಾದ ಬಿಸಿಲು ಕೋಣೆಯ ಆ ತುದಿಗೆ ಹೋಗುವಷ್ಟರಲ್ಲಿ ಮಂಕಾಗುವುದಿಲ್ಲ ಅಲ್ವಾ? ಬೆಳಕು ತಾಗಿ ವಾಪಸ್ ಬರಲಿ ಅಂತ, ಟಾರ್ಚಿಗೆ ಎದುರಾಗಿ ಮಾದರಿಯ ಆಚೆ ಬದಿಯಲ್ಲಿ ಒಂದು ಬಿಳಿ ಹಾಳೆ ಹಿಡಿದೆ. ನೆರಳಿನೊಳಗೂ ಗೋಡೆ ಕಾಣತೊಡಗಿತು. ಆ ಬೆಳಕಿಗೋಸ್ಕರ ನಾನು ಇನ್ನೂ ಹತ್ತು ಮಾದರಿ ಕಟ್ಟಬಲ್ಲೆ.

ಹಿಂದಿನ ಮೆಟ್ಟಿಲು ಮಸುಕಾದರೂ ಮೋಸ ಗೊತ್ತಾಗುತ್ತದೆ. ಇಷ್ಟು ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಲೆನ್ಸಿನ ಬೆಳಕಿನ ರಂಧ್ರವನ್ನು ಎಫ್ 22ಕ್ಕೆ, ಅಂದರೆ ತುಂಬ ಚಿಕ್ಕದಾಗಿ, ಇಟ್ಟರೆ ಆಳ ಸಿಗುತ್ತದೆ, ಆದರೆ ಚಿತ್ರವಿಡೀ ಸ್ವಲ್ಪ ಮಸುಕಾಗುತ್ತದೆ. ಹಾಗಾಗಿ ರಂಧ್ರ ಅದಕ್ಕಿಂತ ದೊಡ್ಡದಿರುವ ಎಫ್ 8ರಲ್ಲೇ ಇಟ್ಟು, ಫೋಕಸ್ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತ ಇಪ್ಪತ್ತು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುತ್ತೇನೆ.

ಧೂಳಿನ ಬಗ್ಗೆ ಹೇಳಲೇಬೇಕು. 1:50ರಲ್ಲಿ ಎರಡು ಮಿಲಿಮೀಟರ್ ಎಳೆ ಅಂದರೆ ನೆಲದ ಮೇಲೆ ಬಿದ್ದ ಹತ್ತು ಸೆಂಟಿಮೀಟರ್ ಹಗ್ಗದ ತುಂಡು. ಕತ್ತರಿಸಿದ ಅಂಚಿನಲ್ಲಿ ಕಾಣುವ ಬಿಳಿ ಫೋಮ್, ಒಣಗಿದ ಅಂಟಿನ ಒಂದು ಹನಿ, ಎಲ್ಲವೂ ಹಾಗೇ. ಅಂಚುಗಳಿಗೆ ಗೋಡೆಯ ಬಣ್ಣ ಬಳಿದು, ಪ್ರತಿ ಫೋಟೋಕ್ಕೆ ಮುಂಚೆ ಮೆತ್ತನೆಯ ಬ್ರಷ್‌ನಿಂದ ನೆಲ ಗುಡಿಸುತ್ತೇನೆ.

ಜರ್ಮನಿಯ ಕಲಾವಿದ ಥಾಮಸ್ ಡೆಮಾಂಡ್ ಕಾಗದ, ರಟ್ಟಿನಲ್ಲಿ ನಿಜ ಗಾತ್ರದ ಕೋಣೆಗಳನ್ನೇ ಕಟ್ಟಿ, ಫೋಟೋ ತೆಗೆದ ಮೇಲೆ ಅವನ್ನು ನಾಶ ಮಾಡುತ್ತಾರೆ. ನನಗೆ ಒಡೆಯಲು ಮನಸ್ಸು ಬರುವುದಿಲ್ಲ. ಈಗ ನಾನು ಲೆನ್ಸಿಗೆ ಕಾಣುವಷ್ಟನ್ನು ಮಾತ್ರ ಕಟ್ಟುತ್ತೇನೆ, ಮೆಟ್ಟಿಲಿನ ತಿರುವಿನ ಆಚೆ ಏನೂ ಇಲ್ಲ. ಫೋಟೋ ನೋಡಿದ ಗೆಳತಿಯೊಬ್ಬಳು ಮೇಲಿನ ಮಹಡಿಯಲ್ಲಿ ಏನಿದೆ ಅಂತ ಕೇಳಿದಳು. ಅದನ್ನೇ ಈಗ ಕಟ್ಟುತ್ತಿದ್ದೇನೆ.