ಇಂಗ್ಲಿಷ್‌ನಲ್ಲಿ ‘ಈಸ್ ಆಫ್’ (ease off) ಬಳಸುವುದು ಹೇಗೆ?

ಬಿರುಸು ತಗ್ಗುವುದು, ಬಿಗಿ ಸಡಿಲವಾಗುವುದು. ಇವೆರಡಕ್ಕೂ ಇಂಗ್ಲಿಷ್‌ನಲ್ಲಿ ‘ಈಸ್ ಆಫ್’ ಎನ್ನುತ್ತಾರೆ. ಒಂದೇ ಅರ್ಥ ಉರು ಹೊಡೆದರೆ ಸಾಲದು. ಸಡಿಲವಾಗುತ್ತಿರುವುದು ಏನು, ಯಾರು ಎಂದು ನೋಡಿದರೆ ಅರ್ಥ ತಾನಾಗಿ ಸಿಗುತ್ತದೆ.

1. ಮಳೆ, ಗಾಳಿ, ನೋವು, ಟ್ರಾಫಿಕ್ ಆಗಿದ್ದರೆ ಸುಲಭ. ‘ದಿ ರೇನ್ ಹ್ಯಾಸ್ ಈಸ್ಡ್ ಆಫ್’ ಎಂದರೆ ಮಳೆಯ ಅಬ್ಬರ ತಗ್ಗಿದೆ. ಹನಿ ಇನ್ನೂ ಬೀಳುತ್ತಿರಬಹುದು. ಪೂರ್ತಿ ನಿಂತಿದ್ದರೆ ‘ಸ್ಟಾಪ್ಡ್’ ಎನ್ನಿ. ಡಾಕ್ಟರ್ ಹತ್ತಿರ ಮಾತಾಡುವಾಗ ಇದು ತುಂಬಾ ಮುಖ್ಯ. ನೋವು ‘ಈಸ್ಡ್ ಆಫ್’ ಎಂದರೆ ಕಡಿಮೆಯಾಗಿದೆ ಎಂದಷ್ಟೇ ಅವರಿಗೆ ತಿಳಿಯುತ್ತದೆ. ಪೂರ್ತಿ ಹೋಗಿದ್ದರೆ ‘ದಿ ಪೇನ್ ಹ್ಯಾಸ್ ಗಾನ್’ ಎಂದೇ ಹೇಳಿ.

2. ಮನುಷ್ಯರಾದರೆ, ವೇಗವನ್ನೋ ಶ್ರಮವನ್ನೋ ಕಡಿಮೆ ಮಾಡಿದರು ಎಂದರ್ಥ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 100 ಮೀಟರ್ ಓಟ ನೆನಪಿದೆ ಅಲ್ವಾ? ಉಸೇನ್ ಬೋಲ್ಟ್ ಗೆರೆ ಮುಟ್ಟುವ ಮೊದಲೇ ವೇಗ ತಗ್ಗಿಸಿದರು. ಆದರೂ 9.69 ಸೆಕೆಂಡಿನ ವಿಶ್ವದಾಖಲೆ ಬಂತು. ‘ಹೀ ಈಸ್ಡ್ ಆಫ್ ಬಿಫೋರ್ ದಿ ಲೈನ್’ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಲ್ಲಿ ‘ಸ್ಲ್ಯಾಕ್ ಆಫ್’ ಜೊತೆ ಬೆರೆಸಬೇಡಿ. ಅದರಲ್ಲಿ ಸೋಮಾರಿತನದ ದೂರು ಇರುತ್ತದೆ. ದಣಿದ ಸಹೋದ್ಯೋಗಿಗೆ ‘ಈಸ್ ಆಫ್ ಎ ಬಿಟ್’ ಎಂದರೆ ಕಾಳಜಿ. ‘ಯು ಆರ್ ಸ್ಲ್ಯಾಕಿಂಗ್ ಆಫ್’ ಎಂದರೆ ಬೈಗುಳ.

3. ಕಾರು ಓಡಿಸುವಾಗ ‘ಈಸ್ ಆಫ್ ದಿ ಆಕ್ಸಿಲರೇಟರ್’ ಎಂದರೆ ಪೆಡಲ್ ಮೇಲಿನ ಕಾಲು ಮೆಲ್ಲಗೆ ಸಡಿಲಿಸಿ ಎಂದು. ಒಬ್ಬರ ಮೇಲೆ ಬಿಗಿ ಬೇಡ ಎನ್ನಲು ಮಾತ್ರ ‘ಆನ್’ ಸೇರಿಸಬೇಕು: ‘ಈಸ್ ಆಫ್ ಆನ್ ಹಿಮ್’. ಇಲ್ಲಿ ‘ಈಸ್ ಅಪ್ ಆನ್’ ಕೂಡ ನಡೆಯುತ್ತದೆ.

4. ‘ಲೆಟ್ ಅಪ್’ ಎಂದರೂ ಬಿರುಸು ತಗ್ಗುವುದೇ. ಮಳೆ ಬಿಡದೆ ಸುರಿದರೆ, ಬಿಡಲೇ ಇಲ್ಲ ಎನ್ನಲು ಇದನ್ನು ಬಳಸಿ. ಇದು ಹೆಚ್ಚಾಗಿ ಬರುವುದು ‘ಇಲ್ಲ’ ಎನ್ನುವ ವಾಕ್ಯದಲ್ಲೇ: ‘ದಿ ರೇನ್ ಡಿಡಂಟ್ ಲೆಟ್ ಅಪ್ ಆಲ್ ಡೇ’.

5. ಕೊನೆಗೆ ಒಂದು ಎಚ್ಚರಿಕೆ. ‘ಶೀ ಈಸ್ಡ್ ಆಫ್ ಹರ್ ಶೂಸ್’ ಎಂಬ ವಾಕ್ಯದಲ್ಲಿ ಏನೂ ತಗ್ಗುತ್ತಿಲ್ಲ. ಅವಳು ಶೂಗಳನ್ನು ನಿಧಾನವಾಗಿ ಕಳಚಿದಳು, ಅಷ್ಟೇ.