ಪಿತ್ತಲವಣಗಳ ಮೈಸೆಲ್: ಪೈರೀನ್ ಬಳಸಿ ನಾನು ಅಳೆದ ಬಗೆ

ಸಾಬೂನಿನ ಅಣುವಿಗೆ ನೀರಿಗೆ ಒಗ್ಗುವ ತಲೆ ಮತ್ತು ಒಗ್ಗದ ಬಾಲ ಇರುತ್ತವೆ, ಪಿತ್ತರಸದಲ್ಲಿದ್ದು ಕೊಬ್ಬಿನ ಜೀರ್ಣಕ್ಕೆ ನೆರವಾಗುವ ಪಿತ್ತಲವಣದ ಅಣುವಿಗೆ ಇರುವುದು ಎರಡು ಮುಖ. ಬಾಗದ ಸ್ಟೀರಾಯ್ಡ್ ಚೌಕಟ್ಟಿನ ಒಂದು ಮಗ್ಗುಲಲ್ಲಿ ಮೀಥೈಲ್ ಗುಂಪುಗಳೂ ಇನ್ನೊಂದು ಮಗ್ಗುಲಲ್ಲಿ ಹೈಡ್ರಾಕ್ಸಿಲ್ ಗುಂಪುಗಳೂ ಇರುವುದರಿಂದ, ನೀರಿಗೆ ಒಗ್ಗದ ಮುಖಗಳು ಪರಸ್ಪರ ಅಂಟಿಕೊಂಡು ಎರಡರಿಂದ ಹತ್ತು ಅಣುಗಳ ಪುಟ್ಟ ಗುಂಪುಗಳಾಗುತ್ತವೆ; ನೀರಿನಲ್ಲಿ ಹೀಗೆ ಒಟ್ಟುಗೂಡಿದ ಗುಂಪೇ ಮೈಸೆಲ್. ಸಾಬೂನಿನಂತೆ ತಲೆ-ಬಾಲವಿರುವ ಮಾರ್ಜಕವಾದ ಸೋಡಿಯಂ ಡೋಡೆಸೈಲ್ ಸಲ್ಫೇಟಿನ ಮೈಸೆಲ್‌ನಲ್ಲಾದರೋ ಸುಮಾರು 60 ಅಣುಗಳಿರುತ್ತವೆ. ಈ ವ್ಯತ್ಯಾಸವನ್ನು ಪ್ರಯೋಗದಲ್ಲಿ ಕಾಣಬೇಕೆಂದು ನಾನು ಸೋಡಿಯಂ ಕೋಲೇಟ್ ಮತ್ತು ಸೋಡಿಯಂ ಡಿಆಕ್ಸಿಕೋಲೇಟ್‌ ಎಂಬ ಎರಡು ಪಿತ್ತಲವಣಗಳನ್ನು ಆರಿಸಿಕೊಂಡೆ.

ದ್ರಾವಣಗಳ ಪಿಎಚ್ ಅನ್ನು 9ರ ಆಸುಪಾಸಿನಲ್ಲಿ ಇರಿಸಿದೆ. ತಟಸ್ಥ ಪಿಎಚ್‌ನ ಹತ್ತಿರ ಡಿಆಕ್ಸಿಕೋಲೇಟ್ ಜೆಲ್‌ ಆಗಿಬಿಡುತ್ತದೆ, ಇನ್ನೂ ಇಳಿದರೆ ಆಮ್ಲರೂಪದಲ್ಲಿ ಗಟ್ಟಿಯಾಗಿ ಬೇರ್ಪಡುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು, ತಾನು ಹೊರಸೂಸುವ ಬೆಳಕಿನಿಂದಲೇ ತನ್ನ ಸುತ್ತಲಿನ ಪರಿಸರವನ್ನು ತಿಳಿಸುವ ಪೈರೀನ್ ಎಂಬ ವಸ್ತುವನ್ನು ಸೇರಿಸುವಾಗ. ಅದು ನೀರಿನಲ್ಲಿ ತೀರ ಕಡಿಮೆ ಕರಗುವುದರಿಂದ, ಅಸಿಟೋನಿನಲ್ಲಿ ಕರಗಿಸಿ, ಹನಿಯಷ್ಟನ್ನು ಖಾಲಿ ಸೀಸೆಗೆ ಹಾಕಿ, ಅಸಿಟೋನ್ ಪೂರ್ತಿ ಆವಿಯಾದ ಮೇಲೆಯೇ ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಸುರಿದು ಕತ್ತಲಲ್ಲಿ ರಾತ್ರಿಯಿಡೀ ಕಲಕಲು ಬಿಟ್ಟೆ. ಅಂತಿಮ ಸಾರತೆ ಅರ್ಧ ಮೈಕ್ರೋಮೋಲಾರ್‌ಗಿಂತ ಮೇಲೇರದಂತೆ ನೋಡಿಕೊಂಡೆ. ಪಿತ್ತಲವಣವನ್ನು ತೆಳುಗೊಳಿಸುವಾಗಲೂ ಪೈರೀನ್ ಬೆರೆತ ಅದೇ ಬಫರನ್ನು ಬಳಸಿದ್ದರಿಂದ ಪೈರೀನಿನ ಪ್ರಮಾಣ ಕೊನೆಯವರೆಗೂ ಬದಲಾಗಲಿಲ್ಲ. 335 ನ್ಯಾನೊಮೀಟರಿನಲ್ಲಿ ಉದ್ದೀಪಿಸಿ, ಪೈರೀನ್ ಹೊರಸೂಸಿದ ಬೆಳಕಿನಲ್ಲಿ 373 ಮತ್ತು 384ರ ಶಿಖರಗಳ ತೀವ್ರತೆಯ ಅನುಪಾತ ತೆಗೆದೆ; ಪೈರೀನಿಗೆ ನೀರಿನ ಸೋಂಕು ಕಡಿಮೆಯಾದಷ್ಟೂ ಈ ಅನುಪಾತ ಇಳಿಯುತ್ತದೆ. ಶಿಖರಗಳು ಇಷ್ಟು ಹತ್ತಿರ ಇರುವುದರಿಂದ ಹೊರಸೂಸುವ ಬದಿಯ ಸ್ಲಿಟ್ (ಬೆಳಕು ಹಾಯುವ ಸೀಳು) ಕಿರಿದಾಗಿರಲೇಬೇಕು.

ನೀರಿನಲ್ಲಿ ಈ ಅನುಪಾತ ಸುಮಾರು 1.8. ಹೋಲಿಕೆಗೆಂದು ಇಟ್ಟುಕೊಂಡ ಡೋಡೆಸೈಲ್ ಸಲ್ಫೇಟಿನಲ್ಲಿ ಅದು ಕ್ರಾಂತಿಕ ಸಾರತೆಯ, ಅಂದರೆ ಮೈಸೆಲ್ ಮೂಡತೊಡಗುವ ಸಾರತೆಯ, ಬಳಿ ಥಟ್ಟನೆ ಕುಸಿಯಿತು. ಕೋಲೇಟಿನಲ್ಲಿ ಹಾಗಾಗದೆ, ಹಲವು ಮಿಲಿಮೋಲಾರ್‌ಗಳ ಉದ್ದಕ್ಕೂ ನಿಧಾನವಾಗಿ ಜಾರುತ್ತ ಹೋಯಿತು. ಒಂದು ಹೈಡ್ರಾಕ್ಸಿಲ್ ಕಡಿಮೆ ಇರುವ ಡಿಆಕ್ಸಿಕೋಲೇಟ್‌ನಲ್ಲಿ ಇಳಿಕೆ ಇನ್ನೂ ಕಡಿಮೆ ಸಾರತೆಯಲ್ಲೇ ಶುರುವಾಯಿತು. ಆದರೆ ಕೊನೆಗೆ ಮುಟ್ಟಿದ ಮಟ್ಟ ಎರಡರಲ್ಲೂ ಡೋಡೆಸೈಲ್ ಸಲ್ಫೇಟಿಗಿಂತ ಕೆಳಗಿತ್ತು. ಗುಂಪು ಚಿಕ್ಕದಾದರೂ ಸ್ಟೀರಾಯ್ಡ್ ಮುಖಗಳ ನಡುವೆ ಸಿಕ್ಕ ಪೈರೀನಿಗೆ ನೀರಿನ ಸೋಂಕು ಅಷ್ಟು ಕಡಿಮೆ ಎಂಬುದೇ ನನಗೆ ಇಲ್ಲಿ ಅತ್ಯಂತ ಹಿಡಿಸಿದ ಸಂಗತಿ.

ಆದ್ದರಿಂದ ಪಿತ್ತಲವಣಗಳಿಗೆ ಒಂದೇ ಕ್ರಾಂತಿಕ ಸಾರತೆಯ ಅಂಕಿ ಕೊಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇಳಿಕೆ ಆರಂಭವಾದ ಮತ್ತು ನಿಂತ ಸಾರತೆಗಳೆರಡನ್ನೂ ನಾನು ದಾಖಲಿಸುತ್ತೇನೆ, ಜೊತೆಗೆ ತಾಪಮಾನ, ಪಿಎಚ್ ಮತ್ತು ಉಪ್ಪಿನ ಪ್ರಮಾಣವನ್ನೂ ಬರೆಯುತ್ತೇನೆ. ಸೋಡಿಯಂ ಕ್ಲೋರೈಡ್ ಸೇರಿಸಿದರೆ ಆ ವ್ಯಾಪ್ತಿಯೇ ಕೆಳಕ್ಕೆ ಸರಿಯುತ್ತದೆ, ಗುಂಪುಗಳೂ ದೊಡ್ಡದಾಗುತ್ತವೆ.