ಹೊಕ್ಕುಳಬಳ್ಳಿ ಎಲ್ಲಿ ಸೇರಿದೆ? ಐದನೇ ತಿಂಗಳ ಸ್ಕ್ಯಾನ್‌ನಲ್ಲೇ ಕೇಳಿ

ಹೊಕ್ಕುಳಬಳ್ಳಿ ಸಾಮಾನ್ಯವಾಗಿ ನೇರ ಮಾಸಿಗೇ ಹೋಗಿ ಸೇರುತ್ತದೆ. ಕೆಲವರಲ್ಲಿ ಮಾಸು ಮುಟ್ಟುವ ಮೊದಲೇ ನೀರಿನ ಚೀಲದ ಪೊರೆಗೆ ಅಂಟಿ, ಅಲ್ಲಿಂದ ಮಗುವಿನ ರಕ್ತನಾಳಗಳು ಯಾವ ಹೊದಿಕೆಯೂ ಇಲ್ಲದೆ ಪೊರೆಯಲ್ಲೇ ಹಾಯ್ದು ಹೋಗುತ್ತವೆ. ಮಾಸು ಎರಡು ಹೋಳಾಗಿದ್ದರೆ ನಡುವಿನ ನಾಳಗಳದ್ದೂ ಇದೇ ಪಾಡು. ಇವು ಗರ್ಭಕೋಶದ ಬಾಯಿಯ ಮೇಲೆ, ಇಲ್ಲವೇ ಅದರಿಂದ 2 ಸೆಂ.ಮೀ. ಒಳಗೆ ಇದ್ದರೆ ಅದು ವಾಸಾ ಪ್ರೀವಿಯಾ. ನೀರು ಒಡೆದಾಗ ಪೊರೆಯ ಜತೆ ನಾಳವೂ ಹರಿಯಬಹುದು. ಹೋಗುವುದು ಮಗುವಿನ ರಕ್ತ. 3 ಕೆ.ಜಿ. ಮಗುವಿನ ಮೈಯಲ್ಲಿ ಇರುವುದೇ 250–300 ಮಿ.ಲೀ. ಅದರಲ್ಲಿ 100 ಮಿ.ಲೀ. ಹೋದರೂ ಜೀವ ಉಳಿಯುವುದು ಕಷ್ಟ.

ಪತ್ತೆಯ ಮೊದಲ ಅವಕಾಶ 18–22 ವಾರದ ಸ್ಕ್ಯಾನ್. ಮಾಸು ಎಲ್ಲಿದೆ, ಒಂದೇ ಹೋಳೇ, ಬಳ್ಳಿ ಎಲ್ಲಿ ಸೇರಿದೆ ಎಂದು ಕೇಳಿ, ವರದಿಯಲ್ಲಿ ಬರೆಸಿಕೊಳ್ಳಿ. ಗಂಡೋ ಹೆಣ್ಣೋ ಕೇಳಬಾರದೆಂಬ ಕಾನೂನಿಗೆ ಹೆದರಿ ಇದನ್ನೂ ಕೇಳದೆ ಎದ್ದು ಬರಬೇಡಿ. ಇದನ್ನು ಕೇಳಲು ಯಾವ ಅಡ್ಡಿಯೂ ಇಲ್ಲ.

ಮಾಸು ಕೆಳಗಿದ್ದರೆ, ಹೋಳಾಗಿದ್ದರೆ, ಬಳ್ಳಿ ಪೊರೆಗೆ ಸೇರಿದ್ದರೆ, ಅವಳಿಯಾಗಿದ್ದರೆ, ಐವಿಎಫ್ ಗರ್ಭವಾಗಿದ್ದರೆ ಯೋನಿಮಾರ್ಗದ ಸ್ಕ್ಯಾನ್ ಬೇಕು. ಮೂತ್ರ ಮಾಡಿ ಬಂದು ಮಲಗಬೇಕು. ತುಂಬಿದ ಮೂತ್ರಚೀಲ ಒತ್ತಿದರೆ ಚಿತ್ರ ತಪ್ಪಾಗುತ್ತದೆ. ಗರ್ಭಕಂಠವನ್ನು ಉದ್ದಕ್ಕೆ ಹಿಡಿದು, ಒಳಬಾಯಿಯ ಮೇಲೆ ಕಲರ್ ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ವಿಧಾನ) ಹಾಕಿ, ನಿಧಾನ ಹರಿವೂ ಕಾಣುವಂತೆ ವೇಗದ ಅಳತೆ ಇಳಿಸುತ್ತಾರೆ. ಬಣ್ಣದ ಗೆರೆ ಕಂಡರೆ ನಾಳದ ಮಿಡಿತ ತೋರಿಸುವ ಪಲ್ಸ್ ಡಾಪ್ಲರ್: ಮಿಡಿತ ನಿಮಿಷಕ್ಕೆ 110–160 ಇದ್ದು ಮಗುವಿನ ಎದೆಬಡಿತಕ್ಕೆ ಹೊಂದಿದರೆ ನಾಳ ಮಗುವಿನದು, ತಾಯಿಯ ನಾಡಿಗೆ ಹೊಂದಿದರೆ ತಾಯಿಯದು. ಅಭಿಧಮನಿ (ವೇನ್) ಆದರೆ ಮಿಡಿತವೇ ಕಾಣದಿರಬಹುದು. ಆಗ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಬೇಕು. ಕೊನೆಗೆ ತಾಯಿಯನ್ನು ಮಗ್ಗುಲಾಗಿಸಿ ಮತ್ತೆ ನೋಡುತ್ತಾರೆ. ಕೆಳಗೆ ಬಂದು ಕುಳಿತ ಬಳ್ಳಿಯ ಸುರುಳಿ ಸರಿಯುತ್ತದೆ, ಪೊರೆಯ ನಾಳ ಕದಲುವುದಿಲ್ಲ.

ಹೆಚ್ಚು ಎಡವುವುದು ಒಂದೇ ಕಡೆ. ಐದನೇ ತಿಂಗಳಲ್ಲಿ ಕೆಳಗಿದ್ದ ಮಾಸು ಎಂಟನೇ ತಿಂಗಳಿಗೆ ‘ಮೇಲೆ ಹೋಗಿದೆ’ ಎಂದರೆ ಮನೆಯವರೆಲ್ಲ ನಿರಾಳ. ಆದರೆ ಬಾಯಿಯ ಹತ್ತಿರದ ಮಾಸಿನ ಅಂಚು ಸವೆದು, ಅದರ ನಾಳಗಳಷ್ಟೇ ಅಲ್ಲೇ ಉಳಿದಿರಬಹುದು. 32 ವಾರಕ್ಕೆ ಡಾಪ್ಲರ್ ಹಾಕಿಸದೆ ಇದನ್ನು ಬಿಡಲೇಬೇಡಿ.

ಮೊದಲೇ ಪತ್ತೆಯಾದದ್ದನ್ನೂ 28–32 ವಾರದಲ್ಲಿ ಮತ್ತೆ ನೋಡಬೇಕು. ಕೆಲವರಲ್ಲಿ ನಾಳ ದೂರ ಸರಿದಿರುತ್ತದೆ. ಹಾಗೇ ಇದ್ದರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್, 30–34 ವಾರದ ನಡುವೆ ಆಸ್ಪತ್ರೆ ವಾಸ, ಬೇನೆ ಶುರುವಾಗುವ ಮುನ್ನ 34–36 ವಾರದಲ್ಲಿ ಸಿಸೇರಿಯನ್. 2004ರಲ್ಲಿ ಪ್ರಕಟವಾದ, 155 ಗರ್ಭಿಣಿಯರ ಅಧ್ಯಯನದಲ್ಲಿ ಮೊದಲೇ ಪತ್ತೆಯಾದಾಗ ಶೇ 97, ಆಗದಿದ್ದಾಗ ಶೇ 44 ಮಕ್ಕಳು ಉಳಿದವು.

ಕುಷ್ಟಗಿ, ಮಸ್ಕಿ, ಸಿರುಗುಪ್ಪದಂಥ ಕಡೆಯವರಿಗೆ ನೀರು ಒಡೆದ ಮೇಲೆ ಜಿಲ್ಲಾ ಕೇಂದ್ರ ಮುಟ್ಟುವಷ್ಟು ಹೊತ್ತು ಸಿಗುವುದಿಲ್ಲ. ಆದ್ದರಿಂದ ಕೊಪ್ಪಳ, ರಾಯಚೂರು, ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಿ. ಬಾಣಂತನಕ್ಕೆ ತವರಿಗೆ ಹೊರಟರೆ ಸ್ಕ್ಯಾನ್ ವರದಿ ತಾಯಿ ಕಾರ್ಡಿನೊಳಗೇ ಇರಲಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಯಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಯಲ್ಲೂ ಅದನ್ನು ತೋರಿಸಿ.

ನೀರು ಹೋದ ಕೂಡಲೇ ನೋವಿಲ್ಲದೆ ರಕ್ತ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಹೊರಟಾಗಲೇ ಆಸ್ಪತ್ರೆಗೆ ಫೋನ್ ಮಾಡಿ ‘ವಾಸಾ ಪ್ರೀವಿಯಾ’ ಎಂದು ತಿಳಿಸಿದರೆ ಆಪರೇಷನ್ ಥಿಯೇಟರ್ ಸಿದ್ಧವಿರುತ್ತದೆ. ರಕ್ತ ಯಾರದೆಂದು ಪರೀಕ್ಷೆಗೆ ಕಾಯುವಂತಿಲ್ಲ. ಮಗುವಿಗೆ ಕೂಡಲೇ ಕೊಡಲು ಓ ನೆಗೆಟಿವ್ ರಕ್ತವನ್ನೂ ತೆಗೆದಿಡಲು ಹೇಳಿ.